ಹೊಸ್ತಿಲಿಲ್ಲದ ಟೆಂಟು

ಕಡೀ ಬಸ್ಸು ಇವರನ್ನ ಸಿರುಗುಪ್ಪದಾಗ ಇಳಿಸಿ, ಬುಸ್ಸಂತ ಹೊಗಿ ಬಿಟ್ಟು ಹೋತು. ಹೊಗಿ ಆರಿದ ಮ್ಯಾಲೆ ಉಳಿದಿದ್ದು ಕತ್ತಲಿ... ಮತ್ತ ಹಳೇ ಬಾವಿ ಬಾಜೂಕ ಹೋಗೋ ಕಾಲ್ದಾರಿ. ಮುಂದ ಮಾರೇಶ, ಹೆಗಲ ಮ್ಯಾಲೆ ಹೊಸ ಟೆಂಟಿನ ಚೀಲ. ಅವನ ಹಿಂದ ಹೆಂಡ್ತಿ ನೀಲಾವತಿ, ಕಂಕುಳಾಗ ನಿದ್ದಿ ಹತ್ತಿದ ಮಗಳು ದುರ್ಗಿ. ಎಲ್ಲಾರಿಗಿಂತ ಹಿಂದ ಮಾರೇಶನ ತಾಯಿ ಪಾರಮ್ಮ, ಕೋಲು ಊರ್ಕೊಂತ.

ಡಬ್... ಸರ್ರ್. ಡಬ್... ಸರ್ರ್.

ಡಬ್ ಅನ್ನೋದು ಕೋಲಿನ ಬುಡದಾಗಿನ ರಬ್ಬರು. ಸರ್ರ್ ಅನ್ನೋದು ಆಕಿ ಬಲಗಾಲು. ಮೊಣಕಾಲು ಬಗ್ಗತಿರಲಿಲ್ಲ, ಪಾಪ, ಎಳಕೊಂಡು ನಡೀತಿದ್ಲು. ಈ ಸಪ್ಪಳ ನೆನಪಿಟ್ಕೊಳ್ರಿ, ಮುಂದ ಬೇಕಾಗ್ತೈತಿ.

ನೀಲಾವತಿ ಅಂದ್ರ ಬ್ಯಾರೆ ಯಾರೋ ಅಲ್ಲ, ನಮ್ಮ ಚಿಗವ್ವನ ಮಗಳು. ಆಕಿ ಕಂಡಿದ್ದು, ಆಕಿ ಕೇಳಿದ್ದು, ಅಷ್ಟ ಹೇಳ್ತೀನಿ.

ಬಾವಿ ಹತ್ರ ಬಂದಾಗ ಆಕಿ ಗಂಡನ ಬಾಜೂಕ ಸರಿದ್ಲು.

"ರೀ... ಅದನ್ನ ನಾಳೆ ಬದಲಿ ಮಾಡಿಸ್ಕೊಂಡ ಬರ್ರಿ."

"ಯಾಕ?"

"ಮೆಲ್ಲಕ. ಅತ್ತಿ ಕೇಳ್ಯಾರು. ಅದಕ್ಕ ಹೊಸ್ತಿಲ ಇಲ್ಲ."

"ಟೆಂಟಿಗೆ ಎಂಥಾ ಹೊಸ್ತಿಲಾ ನಿನ್ನ ತಲಿ!"

ಬಾವ್ಯಾಗ ಗುಳುಂ ಅಂತು. ಕಪ್ಪಿ ಜಿಗಿದಿರಬೇಕು. 

ಅವತ್ತು ಆಗಿದ್ದಿಷ್ಟು. ಮಾರೇಶ ಅಕ್ಕಿ ಮಿಲ್ಲಿನಾಗ ಮಿಷನ್ ನೋಡ್ಕೊಳ್ಳಾವ. ಮೊಬೈಲಿನಾಗ ಮಂದಿ ಗುಡ್ಡದ ಮ್ಯಾಲೆ ಟೆಂಟ್ ಹಾಕಿ ಮಲಗೋದನ್ನ ನೋಡಿ ನೋಡಿ ಅವಗ ಹುಚ್ಚು ಹಿಡದಿತ್ತು. ಸಾಲಿ ಸೂಟಿ ಬಿಟ್ಟ ಕೂಡ್ಲೇ ಎಲ್ಲಾರನ್ನೂ ಬಳ್ಳಾರಿಗೆ ಕರ್ಕೊಂಡು ಹೋದ. ಕೌಲ್ ಬಜಾರಿನಾಗ ತಾಡಪಾಲು, ಹಗ್ಗ, ಛತ್ರಿ ಮಾರೋ ಒಂದು ಅಂಗಡಿ. ಅಂಗಡಿ ಸಾಬರು ಒಳ್ಳೇ ಮನಷ್ಯಾ, ಎರಡು ಟೆಂಟು ರಸ್ತೇದಾಗ ಹಾಕಿ ತೋರಿಸಿದ್ರು. ಒಂದರ ಬಾಗಿಲಕ್ಕ ಜಿಪ್ಪು ನೆಲದಿಂದ ಒಂದು ಗೇಣು ಮ್ಯಾಲೆ ಶುರು ಆಗ್ತಿತ್ತು. ಕಾಲೆತ್ತಿ ದಾಟಿ ಒಳಗ ಹೋಗಬೇಕು.

"ಇದು ತಗೋರಿ ಅಮ್ಮಾ. ನೀರು ಬರಂಗಿಲ್ಲ, ಚೇಳೂ ಬರಂಗಿಲ್ಲ" ಅಂದ್ರು ಸಾಬರು.

ಇನ್ನೊಂದಕ್ಕ ಅದಿಲ್ಲ. ಜಿಪ್ಪು ಪೂರಾ ನೆಲದ ಮಟ. ಸೀದಾ ನಡಕೊಂಡು ಹೋಗಬೌದು.

ಪಾರಮ್ಮ ಮೊದಲನೇದನ್ನ ನೋಡಿ, ಎರಡೂ ಕೈಲಿ ಬಲಗಾಲು ಎತ್ತಿ ಆಕಡೆ ಇಟ್ಟು, ಬಗ್ಗಿ ಅದರ ಅಂಚು ಮುಟ್ಟಿ ಕಣ್ಣಿಗೆ ಒತ್ಕೊಂಡ್ಲು. ರಸ್ತೇದಾಗಿನ ಮಂದಿ ಎಲ್ಲಾ ನಕ್ರು. ಆಕೀಗೆ ಅದರ ಖಬರ ಇಲ್ಲ. ದಿನಾ ಮುಂಜಾನೆ ಹೊಸ್ತಿಲಾ ತೊಳದು ಅರಿಷಿಣ ಕುಂಕುಮ ಹಚ್ಚದ ಹೊರ್ತು ಬಾಯಾಗ ನೀರು ಹಾಕ್ಕೊಳ್ಳಾಕಿ ಅಲ್ಲ ಆಕಿ. "ಇದ ಇರಲಿ ಮಾರ್ಯಾ, ಹೊಸ್ತಿಲ ಐತಿ. ಹೊಸ್ತಿಲ ಇಲ್ಲದ್ದು ಎಂಥಾ ಮನಿ? ಹಾದಿ ಆತು ಅದು, ಯಾರ ಬೇಕಾದ್ರೂ ಬರ್ತಾರ."

ಮಾರೇಶ ಕೇಳಬೇಕಲ್ಲ. "ಯವ್ವಾ, ನಿನ್ನ ಮೊಣಕಾಲಿಗೇ ನಾ ಎರಡನೇದು ತಗೊಳ್ಳಾಕತ್ತೀನಿ" ಅಂದ. ಅವ್ವನ ಮ್ಯಾಲಿನ ಪ್ರೀತಿನೇ ಅದು, ಅದಕ್ಕ ಯಾರೂ ಬೈಯಂಗಿಲ್ಲ. ಸಾಬರು ಆಕಿ ಕೋಲಿಗೆ ಹೊಸಾ ರಬ್ಬರು ಟೋಪಿ ಪುಕ್ಕಟೆ ಹಾಕಿ ಕೊಟ್ರು.

ಹಾಂ, ಕೋಲಿಂದು ಹೇಳಬೇಕು. ಹಿಂದೊಮ್ಮೆ ಪಾರಮ್ಮ ಬಳ್ಳಾರಿ ಬಸ್ ಸ್ಟ್ಯಾಂಡಿನಾಗ ತಪ್ಪಿಸ್ಕೊಂಡಿದ್ಲು. ಅದಕ್ಕ ಮಾರೇಶ ಮೊಳಿ ಕಾಸಿ ಆಕಿ ಕೋಲಿನ ಮ್ಯಾಲೆ ತನ್ನ ಫೋನ್ ನಂಬರ್ ಸುಟ್ಟಿದ್ದ. ಕಡೀ ಅಂಕಿ ಸುಡೋವಾಗ ಕೈ ಜಾರಿ ಅದರ ಬಾಲ ಕೆಳಗ ಉದ್ದಕ ಎಳದಿತ್ತು.

ಶನಿವಾರ ಮಿಲ್ಲಿನ ಹಳೇ ಓಮ್ನಿ ಇಸ್ಕೊಂಡು ಕುರುಗೋಡಿಗೆ ಹೋದ್ರು. ಗುಡ್ಡದ ಬುಡದಾಗ ದೊಡ್ಡ ದೊಡ್ಡ ಬಂಡಿಗಲ್ಲಿನ ನಡಬರಕ ಮಟ್ಟಸ ಜಾಗ ನೋಡಿ ಟೆಂಟ್ ಹಾಕಿದ್ರು. ಮಂಡಕ್ಕಿ ಒಗ್ಗರಣಿ, ಮಿರ್ಚಿ, ದುರ್ಗಿ ಕುಣಿದಿದ್ದೇ ಕುಣಿದಿದ್ದು. ಸಂಜಿಕ ಪಾರಮ್ಮ ಒಂದು ಉದ್ದನ ಕಲ್ಲು ಆರಿಸಿ ತಂದು ಟೆಂಟಿನ ಬಾಗಿಲಕ್ಕ ಅಡ್ಡ ಇಟ್ಲು. ಎಲಿ ಅಡಿಕಿ ಚೀಲದಾಗಿಂದ ಅರಿಷಿಣದ ಪುಡಿ ತಗದು ಹಚ್ಚಿದ್ಲು. "ಈಗ ಮನಿ ಆತು ನೋಡು" ಅಂದ್ಲು. ನೀಲಾವತಿಗೆ ಜೀವಕ್ಕ ಸಮಾಧಾನ ಆತು.

ರಾತ್ರಿ ಮಾರೇಶ ಬ್ಯಾಟರಿ ತಗೊಂಡು ಹೊರಗ ಹೊಂಟ. ಕಾಲು ಆ ಕಲ್ಲಿಗೆ ಬಡೀತು.

"ಅಯ್ಯಪ್ಪಾ! ಹೆಬ್ಬೆಟ್ಟು ಹೋತು!"

ಸಿಟ್ಟಿನಾಗ ಕಲ್ಲು ಎತ್ತಿ ಇಳಿಜಾರಿಗೆ ಒಗದ. ಧಡ್... ಧಡ್... ಧಡಧಡ... ಕಲ್ಲು ಉರುಳೋ ಸಪ್ಪಳ ನೀಲಾವತಿ ಒಳಗ ಮಲಗೇ ಕೇಳಿದ್ಲು. ಉರುಳಿ ನಿಂತ ಸಪ್ಪಳ ಮಾತ್ರ ಆಕೀಗೆ ಕೇಳಲಿಲ್ಲ.

ಮಾರೇಶ ಬಂದು ಬಿದ್ಕೊಂಡು ಗೊರಕಿ ಹೊಡಿಯಾಕ ಹತ್ತಿದ. ಎಷ್ಟೊತ್ತಿಗೋ ಪಾರಮ್ಮ ಎದ್ಲು.

"ನೀಲಾ... ಒಂದಕ್ಕ ಹೋಗಿ ಬರ್ತೀನಿ."

"ತಡೀರಿ ಅತ್ತಿ, ನಾನೂ ಬರ್ತೀನಿ."

"ಬ್ಯಾಡವ್ವಾ, ಕೂಸು ಎದ್ದೀತು."

ಝರ್ರ್ರ್... ಜಿಪ್ಪು ತಗದು, ಝರ್ರ್ರ್... ಹಾಕಿದ್ಲು. ಡಬ್... ಸರ್ರ್. ಡಬ್... ಸರ್ರ್. ಸಪ್ಪಳ ಬಂಡಿ ಕಡೆ ಹೋತು. ಆಮ್ಯಾಲೆ ಇಲ್ಲ.

ನೀಲಾವತಿ ಕಣ್ಣು ಬಿಟ್ಕೊಂಡೇ ಕಾದ್ಲು. ಹೊತ್ತಾತು. "ಅತ್ತೀ... ಬಂದ್ರಾ?" ಅಂತ ಪಿಸುಗುಟ್ಟಿದ್ಲು.

"ಹೂಂ."

ಹೊರಗಿಂದ ಅಲ್ಲ. ಒಳಗ... ದುರ್ಗಿ ಬಾಜೂಕ.

ತಿರುಗಿ ನೋಡಿದ್ರ ಅತ್ತಿ ಅಲ್ಲೇ ಮಲಗ್ಯಾಳ, ಕುತಿಗಿ ಮಟ ಕೌದಿ ಹೊತ್ಕೊಂಡು. ಯಾವಾಗ ಬಂದ್ಲು? ಜಿಪ್ಪು ಸಪ್ಪಳ ಆಗಲಿಲ್ಲಲ್ಲ? ನಂಗ ಮಂಪರು ಹತ್ತಿರಬೇಕು, ಅನ್ಕೊಂಡ್ಲು ನೀಲಾವತಿ.

ಆಗ ಹೊರಗ ಶುರು ಆತು.

ಡಬ್... ಸರ್ರ್. ಡಬ್... ಸರ್ರ್.

ಟೆಂಟಿನ ಸುತ್ತ. ಒಂದು ಸುತ್ತು ಹೋಗ್ತಿತ್ತು, ನಿಲ್ತಿತ್ತು, ಮತ್ತ ಬರ್ತಿತ್ತು. ನೀಲಾವತಿಗೆ ಗಂಡನ್ನ ಎಬ್ಬಸಾಕ ಕೈ ಬರಲಿಲ್ಲ. ಕೂಸಿನ ಮ್ಯಾಲೆ ಕೈ ಹಾಕಿ ಕಣ್ಣು ಗಟ್ಟಿ ಮುಚ್ಕೊಂಡ್ಲು. ಜಿಪ್ಪು ತಗೀಲಿಲ್ಲ.

ಬೆಳಗಾತು. ಎಲ್ಲಾ ಸರಿ ಇತ್ತು. ಅತ್ತಿ ಎದ್ದು ಓಮ್ನಿಯಾಗ ಕುಂತಿದ್ಲು, ತೊಡಿ ಮ್ಯಾಲೆ ಕೋಲು. ಮಾತಿಲ್ಲ. ಎಲಿ ಅಡಿಕಿನೂ ಕೇಳಲಿಲ್ಲ, ಅದಿಲ್ದ ಹೊತ್ತು ಹೊಂಡದಾಕಿ.

"ಅತ್ತಿ, ಮೈಯಾಗ ಆರಾಮಿಲ್ಲೇನ್ರಿ?"

"ಹೂಂ."

ಅನುಮಾನದ ಹುಳ ಹಂಗ ನೋಡ್ರಿ, ಒಮ್ಮೆ ಹೊಕ್ತಂದ್ರ ಕೊರಕೊಂತ ಹೋಗ್ತೈತಿ. ಆದ್ರ ಸೊಸಿ ಹೋಗಿ ಅತ್ತಿ ಮ್ಯಾಲೆ ಅನುಮಾನ ಐತಿ ಅಂದ್ರ ಯಾವನು ನಂಬ್ತಾನ? ಮಂದಿ ನಗ್ತಾರ. ಮ್ಯಾಲಾಗಿ ಇಬ್ರೂ ಜೀವಕ್ಕ ಜೀವ. ಸಣ್ಣಾಕಿದ್ದಾಗ್ಲೇ ತಾಯಿ ಕಳಕೊಂಡ ನೀಲಾವತಿಗೆ ಹೆರಿಗಿ ಬಾಣಂತನ ಎಲ್ಲಾ ಮಾಡಿದಾಕಿ ಈ ಪಾರಮ್ಮನೇ. ದುರ್ಗಿ ಅಂತೂ ಅಜ್ಜಿ ಮಗ್ಗಲಿಲ್ದ ಮಲಗತಿರಲಿಲ್ಲ.

ಸಿರುಗುಪ್ಪದ ಮನಿ ಮುಂದ ಇಳಿದ್ರು. ಪಾರಮ್ಮ ಬಾಗಿಲ ತನಕ ಬಂದ್ಲು. ಡಬ್... ಸರ್ರ್. ಡಬ್. ಹೊಸ್ತಿಲಾ ಇನ್ನೊಂದು ಗೇಣು ದೂರ ಇತ್ತು. ಅಲ್ಲೇ ನಿಂತ್ಲು.

"ಮಾರೇಶ, ಕಾಲು ಬಗ್ಗವಲ್ದು. ಈ ಹೊಸ್ತಿಲಾ ತಗಸು."

ನೀಲಾವತಿ ಕೂಸನ್ನ ತನ್ನ ಕಡೆ ಎಳಕೊಂಡ್ಲು. ಮಾರೇಶ ಅಂತ ಅತ್ತಿ ಎಂದೂ ಕರದಾಕಿ ಅಲ್ಲ. ಮಾರ್ಯಾ ಅಂತಿದ್ಲು.

"ಬಾರಬೇ ಯವ್ವಾ, ನಾ ಎತ್ಗೊಂಡು ಒಳಗ ಬಿಡ್ತೀನಿ" ಅಂತ ಮಾರೇಶ ಕೈ ಚಾಚಿದ. ಆಕಿ ಹಿಂದಕ್ಕ ಸರಿದ್ಲು.

"ಬ್ಯಾಡ. ಹೊಸ್ತಿಲಾ ತಗಸು."

ಬಡಿಗೇರ ನಾಳೆ ಬರ್ತಾನ ಅಂತ ಮಾರೇಶ ಅಂಗಳದಾಗ ಟೆಂಟ್ ಹಾಕಿ ಕೊಟ್ಟ. ಅದರಾಗ ಮಾತ್ರ ಆಕಿ ಸೀದಾ ಹೋದ್ಲು. ಹೋಗಿ ಕುಂತಾಕಿ ಸಂಜಿ ಮಟ ಹೊರಗ ಬರಲಿಲ್ಲ, ಕೊಟ್ಟ ಊಟದ ಗಂಗಾಳ ಮುಟ್ಟಲಿಲ್ಲ.

ಕತ್ತಲಾತು. ಟೆಂಟಿನಿಂದ ದನಿ ಬಂತು. ಸಣ್ಣಗ... ಹಾಡಿದಂಗ.

"ದುರ್ಗೀ... ಮಲಗಾಕ ಬಾರವ್ವಾ... ಇಲ್ಲಿ ಹೊಸ್ತಿಲ ಇಲ್ಲ..."

ದುರ್ಗಿ ಕೌದಿ ಎಳಕೊಂಡು ಓಡಿದ್ಲು. ನೀಲಾವತಿ ರಟ್ಟಿ ಹಿಡದು ಒಳಗ ಜಗ್ಗಿದ್ಲು. ಕೂಸು ಕಿಟ್ಟನ ಕಿರಚಿತು.

"ಏನಾಗೇತಿ ನಿನಗ?" ಮಾರೇಶ ಹಲ್ಲು ಕಚ್ಚಿ ಪಿಸುಗುಟ್ಟಿದ. "ಓಣಿ ಮಂದಿ ಏನಂದಾರು? ನಮ್ಮವ್ವ ಹೊರಗ, ನೀ ಒಳಗ?"

"ರೀ... ಅದು ಅತ್ತಿ ಅಲ್ಲ."

"ಬಾಯಿ ಮುಚ್ಚು!"

"ದಿನಾ ಹೊಸ್ತಿಲಕ್ಕ ನಮಸ್ಕಾರ ಮಾಡಾಕಿ ಅದನ್ನ ಕೀಳು ಅಂತಾಳೇನು? ನೀವ ಹೇಳ್ರಿ."

ಮಾರೇಶ ಹಿತ್ತಲಕ್ಕ ಹೋಗಿ ಕಬ್ಬಿಣದ ಹಾರಿ ತಂದ. ಬಡಿಗೇರನ್ನ ಕಾಯಾಕ ಅವಗ ಸಹನಿ ಉಳದಿರಲಿಲ್ಲ. ಹಾರಿ ತುದಿ ಹೊಸ್ತಿಲದ ಸಂದಿಗೆ ಇಟ್ಟ. ಕಟಕ್ಕಂತು ಕಟ್ಟಿಗಿ.

ಟೆಂಟಿನಾಗಿಂದ... ಡಬ್. ಡಬ್. ಡಬ್. ಕೋಲು ನೆಲಕ್ಕ ಕುಟ್ಟಾಕತ್ತಿತ್ತು, ಖುಷಿಯಾದಂಗ. ಕಾಲೆಳಿಯೋ ಸಪ್ಪಳ ಅದರ ಕೂಡ ಇರಲಿಲ್ಲ.

ಹೊಸ್ತಿಲದ ಮ್ಯಾಲೆ ಕುಂದರಬಾರ್ದು ಅಂತಾರ ನಮ್ಮಲ್ಲಿ, ಹೌದಲ್ಲ? ನೀಲಾವತಿ ಬಂದು ಅದರ ಮ್ಯಾಲೆನ ಕುಂತ್ಲು. ಮಗಳನ್ನ ಹಿಂದ ಸರಿಸಿ, ಎರಡೂ ಚೌಕಟ್ಟು ಗಟ್ಟಿ ಹಿಡ್ಕೊಂಡ್ಲು. ನಾ ಅನ್ಕೊಂಡಿದ್ದು ಸುಳ್ಳಾಗಿದ್ರ ಹೆತ್ತವ್ವನಂಥಾಕಿನ್ನ ಕತ್ತಲಾಗ ಹೊರಗ ಹಾಕಿದ ಪಾಪ ನನಗ ಹತ್ಲಿ, ಅನ್ಕೊಂಡ್ಲು. ಖರೇ ಆಗಿದ್ರ ಕೂಸು ಉಳೀಬೇಕು.

"ಏಳು!"

"ನನ್ನ ಮ್ಯಾಲೆ ಹಾಯಿಸ್ರಿ ಹಾರಿ. ಏಳಂಗಿಲ್ಲ."

ಮಾರೇಶ ಹಾರಿ ಎತ್ತಿ ನಿಂತ. ಅಷ್ಟೊತ್ತಿಗೆ ಅವನ ಕಿಸೇದಾಗ ಫೋನ್ ರಿಂಗಾತು.

"ಹಲೋ... ನಾನು ಎರ್ರಿ ಅಂತ, ಕುರುಗೋಡಿನಾಗ ಕುರಿ ಕಾಯಾವ. ಇಲ್ಲಿ ಬಂಡಿ ಸಂದ್ಯಾಗ ಒಬ್ಬಾಕಿ ಮುದುಕಿ ಸಿಕ್ಯಾಳ್ರಿ. ಕಾಲು ಬಾವು ಬಂದಾವ. ಮಜ್ಜಿಗಿ ಕುಡಿಸೀನಿ. ಕೋಲಿನ ಮ್ಯಾಲೆ ಈ ನಂಬರ್ ಇತ್ತು."

"ರಾಂಗ್ ನಂಬರ್ ಅಣ್ಣಾ. ನಮ್ಮವ್ವ ಇಲ್ಲೇ ಅದಾಳ."

ಆಕಡೆ ಫೋನು ಯಾರೋ ಕಸಗೊಂಡ್ರು.

"ಮಾರ್ಯಾ! ಲೇ ಮೂಳಾ! ನನ್ನ ಬಿಟ್ಟು ಹೋದ್ಯೇನಲೇ? ರಾತ್ರೆಲ್ಲಾ ಸುತ್ತು ಹಾಕೀನಿ, ಟೆಂಟಾ ಕಾಣವಲ್ದು, ಬರೇ ಬಂಡಿ... ಕೂಗಿದ್ರ ದನಿ ಹೊಂಡವಲ್ದು... ನನ್ನ ಕಲ್ಲ ಯಾಕ ಒಗದ್ಯೋ?"

ಮಾರೇಶನ ಕೈಯಾಗಿನ ಹಾರಿ ಠಣ್ ಅಂತ ಕೆಳಗ ಬಿತ್ತು.

ನೀಲಾವತಿಗೆ ಆಗ ತಿಳೀತು, ರಾತ್ರಿ ಸುತ್ತಿದ ಆ ಸಪ್ಪಳ ಯಾರದು ಅಂತ. ತಾ ಕೇಳಿದ್ಲು. ಕೇಳಿನೂ ಜಿಪ್ಪು ತಗೀಲಿಲ್ಲ. ಹೊಸ್ತಿಲದ ಮ್ಯಾಲೆ ಕುಂತಲ್ಲೇ ಬಿಕ್ಕಿ ಬಿಕ್ಕಿ ಅತ್ಲು.

ಅಂಗಳದಾಗ ಕುಟ್ಟೋದು ನಿಂತಿತ್ತು. ಮಾರೇಶ ಬ್ಯಾಟರಿ ಬೆಳಕು ಬಿಟ್ಟ. ಟೆಂಟಿನ ಜಿಪ್ಪು ನೆಲದ ಮಟ ಹಾಕಿದ್ದು ಹಂಗ ಇತ್ತು. ಬಗ್ಗಿ ತಗದ. ಝರ್ರ್ರ್... ಒಳಗ ಯಾರೂ ಇಲ್ಲ. ಕೋಲು ಒಂದು ಬಿದ್ದಿತ್ತು, ಬುಡಕ್ಕ ಹೊಸಾ ರಬ್ಬರು.

ಅವತ್ತೇ ರಾತ್ರಿ ಮಾರೇಶ ಕುರುಗೋಡಿಗೆ ಹೋಗಿ ಪಾರಮ್ಮನ್ನ ಕರ್ಕೊಂಡು ಬಂದ. ನೀಲಾವತಿ ಹೊಸ್ತಿಲಕ್ಕ ಅರಿಷಿಣ ಹಚ್ಚಿ ಕಾಯಾಕತ್ತಿದ್ಲು. ಮುದುಕಿ ಎರಡೂ ಕೈಲಿ ಬಲಗಾಲು ಎತ್ತಿ ಆಕಡೆ ಇಟ್ಲು, ಬಗ್ಗಿ ಮುಟ್ಟಿ ಕಣ್ಣಿಗೆ ಒತ್ಕೊಂಡ್ಲು. "ಎಲಿ ಅಡಿಕಿ ಕೊಡವ್ವಾ ಮೊದಲ, ಜೀವ ಹೋಗೇತಿ" ಅಂದ್ಲು. ಅತ್ತಿ ಸೊಸಿ ಇಬ್ರೂ ತೆಕ್ಕಿ ಬಿದ್ದು ಅತ್ರು.

ಟೆಂಟ್ ಸುಟ್ರು. ಆ ಇನ್ನೊಂದು ಕೋಲು ಸುಡಾಕ ಯಾರಿಗೂ ಧೈರ್ಯ ಬರಲಿಲ್ಲ. ಬಾಗಿಲ ಹೊರಗ ಗ್ವಾಡಿಗೆ ಆನಿಸಿ ಬಿಟ್ಟಾರ. ನಾ ಸ್ವಂತ ನೋಡೀನಿ. ಅದರ ಮ್ಯಾಲೂ ಮಾರೇಶನ ನಂಬರ್ ಐತಿ, ಕಡೀ ಅಂಕಿ ಬಾಲ ಹಂಗ ಜಾರೇತಿ. ಅವ ಸುಟ್ಟಿದ್ದು ಒಂದ ಕೋಲು ಅಂತ ದೇವರ ಮುಂದ ಆಣಿ ಮಾಡ್ತಾನ. ಸುಳ್ಳು ಅನ್ನೋರು ಸಿರುಗುಪ್ಪಕ್ಕ ಬರ್ರಿ, ನಾ ಕರ್ಕೊಂಡು ಹೋಗಿ ತೋರಿಸ್ತೀನಿ.

ಪಾರಮ್ಮ ಈಗ ಹೊರಗ ಹೋಗೋದು ಕಮ್ಮಿ. ಆಕಿ ಕೋಲಿನ ರಬ್ಬರು ಸಾಬರು ಹಾಕಿ ಕೊಟ್ಟಂಗ ಹೊಸಾದ ಐತಿ. ಆ ಹೊರಗಿನ ಕೋಲು ಇಟ್ಟಲ್ಲೇ ಐತಿ, ಯಾರೂ ಮುಟ್ಟಂಗಿಲ್ಲ.

ಅದರ ರಬ್ಬರು ಅರ್ಧಕ್ಕ ಅರ್ಧ ಸವದೈತಿ.