ಆಸ್ವಿನ್ ಗಿಟನ್ಸ್ ವೇಗ ತಗ್ಗಿಸಿದ ವರ್ಷ

ಸೇಂಟ್ ಲೂಸಿ ಊರಿನ ಬಂಧುಗಳೇ, ವರ್ನಾ ಅಕ್ಕ, ಮಕ್ಕಳೇ — ಎಲ್ಲರಿಗೂ ನಮಸ್ಕಾರ. ನಾನು ಮರ್ವಿನ್. ಹನ್ನೊಂದು ವರ್ಷ ವಿಕೆಟ್ ಹಿಂದೆ ನಿಂತು ಆಸ್ವಿನ್ ಗಿಟನ್ಸ್‌ನ ಚೆಂಡು ಹಿಡಿದವನು. ನೋಡಿ, ಈ ಸೊಟ್ಟ ಬೆರಳು — ಅವನದೇ ಕೊಡುಗೆ. ಇದೂ ಅವನದೇ.

ಬಾರ್ಬಡೋಸ್‌ನಲ್ಲಿ ವೇಗದ ಬೌಲರ್‌ಗಳಿಗೇನು ಬರವೇ? ಆದರೆ ಇವನ ವೇಗ ಬೇರೆ. ಬೇಕಾದರೆ ಮೂರನೇ ಸಾಲಿನಲ್ಲಿ ಕುಳಿತಿರುವ ಲಚ್ಮನ್ ಬುಧ್ರಾಮ್ ಅವರನ್ನು ಕೇಳಿ, ನಿನ್ನೆಯಷ್ಟೇ ಗಯಾನಾದಿಂದ ಬಂದಿದ್ದಾರೆ. ಎಪ್ಪತ್ತೆಂಟನೇ ಇಸವಿಯಲ್ಲಿ, ಬ್ರಿಜ್‌ಟೌನ್‌ನಲ್ಲಿ, ಗಯಾನಾ ಪರ ಬ್ಯಾಟ್ ಮಾಡುತ್ತಿದ್ದಾಗ ಆಸ್ವಿನ್‌ನ ಚೆಂಡು ಇವರ ದವಡೆ ಮುರಿಯಿತು. ಹೆಲ್ಮೆಟ್ ಇಲ್ಲದ ಕಾಲ. ಆ ಸದ್ದು ನನಗಿನ್ನೂ — ಇರಲಿ ಬಿಡಿ.

ಮರುದಿನದಿಂದ ಆಸ್ವಿನ್ ದಿನವೂ ಆಸ್ಪತ್ರೆಗೆ ಹೋದ. ಕೈಯಲ್ಲಿ ಹೆಂಡತಿ ವರ್ನಾ ಅಕ್ಕ ಮಾಡಿದ ಕುಂಬಳಕಾಯಿ ಸೂಪು. ದವಡೆಗೆ ತಂತಿ ಬಿಗಿದಿದ್ದರಿಂದ ಬುಧ್ರಾಮ್ ಮಾತಾಡುವಂತಿರಲಿಲ್ಲ. ಮೂರನೇ ದಿನ ಚೀಟಿ ಬರೆದುಕೊಟ್ಟರು: "ಉಪ್ಪು ಸಾಲ್ದು." ಆ ಚೀಟಿ ಹಿಡಿದು ಆಸ್ವಿನ್ ನನ್ನ ಮನೆಗೆ ಬಂದ. ಆರಡಿ ನಾಲ್ಕಂಗುಲದ ಆಳು — ಅಡುಗೆಮನೆಯಲ್ಲಿ ಕುಳಿತು ಅತ್ತ.

ಆಮೇಲೆ ಓಟ ಅದೇ, ಕೈ ಮಾತ್ರ ಕೊನೆಗಳಿಗೆಯಲ್ಲಿ ಹಿಂಜರಿಯುತ್ತಿತ್ತು. ವೆಸ್ಟ್ ಇಂಡೀಸ್ ತಂಡದಿಂದ ಕೈಬಿಟ್ಟರು. "ಸಾಕು ಕಣೋ ಮರ್ವಿನ್, ಬಸ್ ಓಡಿಸ್ಕೊಂಡಿರ್ತೀನಿ" ಅಂದ. ಆದರೂ ಬಾರ್ಬಡೋಸ್ ತಂಡ ಅವನನ್ನು ಬಿಡಲಿಲ್ಲ.

ಮುಂದಿನ ವರ್ಷ ಗಯಾನಾ ತಂಡ ಮತ್ತೆ ಬಂತು. ಬುಧ್ರಾಮ್ ಎದುರು ನಿಂತರು. ಆಸ್ವಿನ್ ಓವರಿನ ಮೊದಲ ಐದು ಚೆಂಡುಗಳನ್ನೂ ಅವರಿಂದ ದೂರಕ್ಕೆ, ಮೆಲ್ಲಗೆ ಹಾಕಿದ. ಬುಧ್ರಾಮ್ ಪಿಚ್ ಮಧ್ಯಕ್ಕೇ ನಡೆದು ಬಂದರು.

"ಏನಯ್ಯಾ, ನಾನೇನು ನಿಮ್ಮಜ್ಜೀನಾ? ನನ್ನ ದವಡೆ ವಾಸಿಯಾಯ್ತು. ನಿನ್ನ ಕೈಗೇನಾಗಿದೆ?"

"ಮತ್ತೆ ತಗುಲಿದ್ರೆ?"

"ಸೂಪ್ ತಗೊಂಡ್ ಬಾ. ಈ ಸಲ ಉಪ್ಪು ಹಾಕ್ಸು."

ಆರನೇ ಚೆಂಡು — ನನಗೆ ಕಾಣಲೇ ಇಲ್ಲ. ನಡುವಿನ ಸ್ಟಂಪು ನನ್ನ ಭುಜದ ಮೇಲಿಂದ ಹಾರಿಹೋಯಿತು. ಔಟಾದವರೇ ಬ್ಯಾಟು ಕಂಕುಳಲ್ಲಿ ಇರುಕಿಕೊಂಡು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಇನ್ನೂ ಐದು ವರ್ಷ ಅವನು ವೆಸ್ಟ್ ಇಂಡೀಸ್‌ಗೆ ಆಡಿದ. ಯಾರಿಗೇ ಪೆಟ್ಟು ಬೀಳಲಿ, ಮೊದಲು ಓಡುತ್ತಿದ್ದವನು ಅವನೇ. "ನೋವಾಯ್ತೇನಪ್ಪಾ?" ಎಂದು ಕೇಳುತ್ತಿದ್ದ. ಕೇಳಿ, ಹಿಂದಿರುಗಿ — ಮತ್ತೆ ಅದೇ ವೇಗ! ಅವನ ದೊಡ್ಡತನ ಅದು, ಸ್ನೇಹಿತರೇ. ಎರಡೂ ಅವನಲ್ಲಿದ್ದವು.

ಕಳೆದ ಮಂಗಳವಾರ ಬೆಳಗ್ಗೆ ಸಮುದ್ರದಲ್ಲಿ ಈಜಿ ಬಂದು ಜಗಲಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ.

ದಯವಿಟ್ಟು ಎಲ್ಲರೂ ಎದ್ದು, ಒಂದು ನಿಮಿಷ ಮಾತಿಲ್ಲದೆ ಅವನನ್ನು ನೆನೆಯೋಣ. ಬುಧ್ರಾಮ್, ನಿಮಗೆ ಮಂಡಿ ನೋವು, ನೀವು ಕೂತೇ ಇರಿ — ಅಯ್ಯೋ, ಆಗಲೇ ಎದ್ದುಬಿಟ್ಟರು. ವರ್ನಾ ಅಕ್ಕ, ಅವರ ಕೈ ಹಿಡ್ಕೊಳ್ಳಿ.