ಕೋವಿಯ ಬಾಯಿಗೆ ಸೇವಂತಿಗೆ

"ಹಲೋ... ಹಲೋ, ಯಾರು? ಯಾರ್ ಮಾತಾಡದು?... ಒಸಿ ಜೋರಾಗಿ ಮಾತಾಡವ್ವ, ಮಾರ್ಕೆಟ್ನಾಗೆ ಏನೂ ಕೇಳಕಿಲ್ಲ... ಹಾಂ, ಭಾನೂನಾ? ಹೇಳವ್ವ..."

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೋರಲಿಂಗಯ್ಯ ಒಂದು ಕಿವಿಗೆ ಹೊಸ ಮೊಬೈಲು, ಇನ್ನೊಂದು ಕಿವಿಗೆ ಬೆರಳು ಒತ್ತಿಕೊಂಡು ನಿಂತಿದ್ದರು. ಆಯುಧಪೂಜೆಯ ದಿನ ಯಾರಾದರೂ ಮನೆ ಬಿಟ್ಟು ಬರುತ್ತಾರೆಯೇ ಎಂದು ಹೆಂಡತಿ ಚಿಕ್ಕಲಕ್ಷ್ಮಮ್ಮ ಬೆಳಿಗ್ಗೆಯೇ ಗೊಣಗಿದ್ದಳು. ರೇಷ್ಮೆಗೂಡು ಹಬ್ಬ ಹರಿದಿನ ನೋಡಿಕೊಂಡು ಕೂರುತ್ತದೆಯೇ? ತಡವಾದರೆ ಚಿಟ್ಟೆ ತೂತು ಕೊರೆದು ಹಾರಿಹೋಗುತ್ತದೆ. ಕೈಲಾಂಚದ ಆಚೆಯ ಊರಿನಿಂದ ಟೆಂಪೋದಲ್ಲಿ ಗೂಡು ಹೇರಿಕೊಂಡು ಬಂದೇಬಿಟ್ಟಿದ್ದರು. ಫೋನು ಮಾಡಿದವಳು ಸೊಸೆ ಭಾನುಪ್ರಿಯ.

"ಇಲ್ಲ ಕಣವ್ವ, ಇನ್ನೂ ಹರಾಜೇ ಕೂಗಿಲ್ಲ... ನನ್ಗೆ ಕಾಯ್ಬೇಡಿ. ರಾಹುಕಾಲ ಬರೋದ್ರೊಳಗೆ ಲೋಕೇಶ ಪೂಜೆ ಮುಗಿಸ್ಲಿ... ಎಲ್ಲೋದ ಅವ್ನು?... ಕರ್ಪೂರ ತರಕ್ಕಾ? ಹಬ್ಬದ ದಿನ ಕರ್ಪೂರ ಇಲ್ದಂಗೆ ಇಟ್ಕಂಡಿದ್ರಾ? ಚೆನ್ನಾಗೈತೆ ಬುಡು ಸಂಸಾರ!..."

"ಏನೇನ್ ಮಡಗಿದ್ದೀರಿ ಪೂಜೆಗೆ?... ಕುಡ್ಲು, ಮಚ್ಚು... ಸೊಪ್ಪು ಕುಯ್ಯೋ ಕತ್ತಿ... ಹಾಂ, ಟಿವಿಎಸ್ಸು ತೊಳ್ದ್ರಾ?... ಕೋವೀನೂ? ನೀನೇ ಒರೆಸ್ದಾ? ಭೇಷ್ ಕಣವ್ವ... ಏನು? ಹೂವಾ? ಕೋವಿ ಬಾಯಿಗೆ ಸೇವಂತಿಗೆ ಸಿಗಿಸ್ದಾ?..."

ಬೋರಲಿಂಗಯ್ಯನವರಿಗೆ ನಗು ಬಂತು. ಪಕ್ಕದಲ್ಲಿ ಗೂಡು ಹಿಸುಕಿ ನೋಡುತ್ತಿದ್ದ, ಗೂಡು ಕೊಂಡು ನೂಲು ತೆಗೆಯುವ ರೀಲರು ಫಕ್ರುದ್ದೀನ್, ಇವರ ನಗು ಕಂಡು ತಾನೂ ನಕ್ಕ. ಬೋರಲಿಂಗಯ್ಯನವರ ನಗು ಅರ್ಧಕ್ಕೇ ನಿಂತಿತು.

"ಭಾನೂ... ಕೋವಿ ಬಾಯಾಗೆ ಬಟ್ಟೆ ಇರ್ಲಿಲ್ವಾ?... ಬಟ್ಟೆ ಕಣವ್ವ. ಕೆಂಪು ಬಟ್ಟೆ. ನಳಿಗೆ ಬಾಯಿಗೆ ತುರುಕಿತ್ತಲ್ವಾ?... ಹಾಂ... ಹಾಂ... ತೆಗ್ದು ಏನ್ ಮಾಡ್ದೆ?... ಒಲೆಗೆ ಹಾಕ್ದಾ?..."

ಬಾಯಿಂದ ಮದ್ದು ಗಿಡಿಯುವ ಹಳೇ ಕಾಲದ ಕೋವಿ ಅದು. ಹಂದಿ ಕಾಯಲು ಅಪ್ಪನ ಕಾಲದಲ್ಲೇ ಲೈಸೆನ್ಸು ಆಗಿತ್ತು. ಒಮ್ಮೆ ತುಂಬಿದರೆ ಹೊಡೆದೇ ಖಾಲಿ ಮಾಡಬೇಕು. ಹಂದಿ ಬಾರದ ರಾತ್ರಿ ಬೋರಲಿಂಗಯ್ಯ ಬೆಳಗಿನ ಜಾವ ಆಕಾಶಕ್ಕೆ ಹೊಡೆದು ಮನೆಗೆ ಬರುತ್ತಿದ್ದರು. ರಾಗಿ ಹೊಲದ ಪಕ್ಕಕ್ಕೇ ಗಾರ್ಮೆಂಟ್ಸ್ ಫ್ಯಾಕ್ಟರಿ ಬಂದ ಮೇಲೆ ಅದಕ್ಕೂ ಕಲ್ಲು ಬಿತ್ತು. ಸದ್ದಿಗೆ ಹೆಣ್ಣುಮಕ್ಕಳು ಹೆದರುತ್ತಾರೆಂದು ಫ್ಯಾಕ್ಟರಿಯವರು ಸ್ಟೇಷನ್ನಿಗೆ ದೂರು ಕೊಟ್ಟರು. ಅಂದಿನಿಂದ ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಮಾತ್ರ ತೆಗೆದು, ತುಂಬಿದ ಕೋವಿಯನ್ನೇ ತಂದು ಮೊಳೆಗೆ ನೇತುಹಾಕುವುದು ರೂಢಿಯಾಯಿತು. ಗುರುತಿಗೆ ನಳಿಗೆಯ ಬಾಯಿಗೆ ಕೆಂಪು ಬಟ್ಟೆ. ಬಟ್ಟೆ ಇದ್ದರೆ ತುಂಬಿದೆ, ಇಲ್ಲದಿದ್ದರೆ ಖಾಲಿ. ಇದನ್ನು ಮಗ ಲೋಕೇಶನಿಗೆ ಬಡಿದು ಬಡಿದು ಕಲಿಸಿದ್ದರು. ಸೊಸೆಗೆ ಹೇಳಬೇಕೆಂದು ಹೊಳೆದೇ ಇರಲಿಲ್ಲ.

"ಬಯ್ತಾ ಇಲ್ಲ ಕಣವ್ವ, ಕೊಳೆ ಬಟ್ಟೆ ಅಂತ ಎಸ್ದಿದ್ದೀಯ, ನಿನ್ ತಪ್ಪೇನೈತೆ?... ನಾನ್ ಹೇಳದ ಕೇಳು. ಅದು ತುಂಬೈತೆ... ಹೂಂ, ಮದ್ದೂ ಐತೆ ಚರೇನೂ ಐತೆ... ಅಳ್ಬೇಡ, ಅಳ್ಬೇಡ. ಕೇಪ್ ಇಲ್ದೆ ಹಾರಕಿಲ್ಲ... ಒರಗ್ಸಿದ್ದೀರಾ, ಮಲಗ್ಸಿದ್ದೀರಾ?... ಮಣೆ ಮೇಲೆ. ಬಾಯಿ ಯಾವ್ ಕಡೀಕೈತೆ?... ಬಾಗ್ಲ ಕಡೀಕಾ?... ಮುಂದೆ ಯಾರವ್ರೆ?..."

"ರಮ್ಯಾನಾ?..."

ಮೊಮ್ಮಗಳ ಹೆಸರು ಕೇಳಿದ್ದೇ ತಡ ಅವರು ಮೊಬೈಲನ್ನು ಕಿವಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡರು. ಕಡ್ಲೆಪುರಿಯ ಆಸೆಗೆ ಪೂಜೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾಳೆ ಆ ಮಗು. ಪ್ರತಿ ವರ್ಷ ಕೂರುವ ಜಾಗವೇ ಅದು.

"ಮುಟ್ಬೇಡ! ಕೋವೀನ ಮುಟ್ಬೇಡ ಭಾನೂ. ಎತ್ಬೇಡ, ತಿರುಗಿಸ್ಬೇಡ... ಕೋವಿ ಇದ್ದಂಗೇ ಇರ್ಲಿ, ಜನಾನ ಎಬ್ಬಿಸು... ನೀರ್ ಹುಯ್ಯದಾ? ಬೇಡ ಕಣವ್ವ, ಹುಯ್ಯಕ್ಕೆ ಬಾಯಿ ಮುಂದಕ್ಕೇ ಬರ್ಬೇಕಾಯ್ತದೆ. ಮಗೀನ ಎತ್ಕಂಡು ಫೋನ್ ತಾವ ಕುಂಡ್ರಿಸು. ಹೋಗು, ನಾನ್ ಇಲ್ಲೇ ಇರ್ತೀನಿ..."

"...ಕುಂಡ್ರಿಸ್ದಾ? ಕೋವಿ ಹಿಂದ್ಗಡೆ ಅಲ್ವಾ?... ಕಿಟಕಿ ತಾವ. ಸರಿ, ಸರಿ. ದೇವ್ರು ದೊಡ್ಡೋನು ಬುಡು..."

ಬೆವರು ಒರೆಸಿಕೊಂಡರು. ಏನಾಯಿತೆಂದು ಫಕ್ರುದ್ದೀನ್ ಕೈಯಲ್ಲೇ ಕೇಳಿದ. ಏನಿಲ್ಲವೆಂದು ತಲೆಯಾಡಿಸಿದರೂ ಕಣ್ಣೆದುರು ಆ ಮಣೆ, ಆ ನಳಿಗೆ, ಆ ಬಾಗಿಲು ಹಾಗೇ ನಿಂತಿದ್ದವು. ಕೋವಿಯ ಬಾಯಿ ಬಾಗಿಲಿಗೆ. ಬಾಗಿಲಿನ ಆಚೆಗೆ?

"ಭಾನೂ, ಬಾಗ್ಲು ತೆಗ್ದೈತಾ?... ತೆಗ್ದೈತೆ. ಅದ್ರ ಎದುರ್ಗೆ ಹುಳದ ಮನೆ ಅಲ್ವಾ?... ನಿಮ್ಮತ್ತೆ ಎಲ್ಲವ್ಳೆ?... ಸೊಪ್ಪು ಹಾಕ್ತಾ ಅವ್ಳಾ? ಅಲ್ಲೇನಾ?..."

ರೇಷ್ಮೆಹುಳ ಸಾಕುವ ಆ ಕೊಟ್ಟಿಗೆಗೆ ಗೋಡೆಯೆಂಬುದೇ ಇಲ್ಲ. ಗಾಳಿಯಾಡಲೆಂದು ಬಿದಿರ ತಡಿಕೆ ಕಟ್ಟಿಸಿದ್ದರು. ಚರೆಗೆ ಅದೆಷ್ಟರದು? ಸಾಲದ್ದಕ್ಕೆ ಚಿಕ್ಕಲಕ್ಷ್ಮಮ್ಮನಿಗೆ ಕಿವಿ ಮಂದ.

"ಕೂಗಿದ್ರೆ ಅವ್ಳಿಗೆ ಕೇಳಕಿಲ್ಲ ಕಣವ್ವ. ನೀನೇ ಹೋಗಿ ರಟ್ಟೆ ಹಿಡ್ದು ಎಳ್ಕಂಡ್ ಬಾ... ಮುಂಬಾಗ್ಲಾಗೆ ಹೋಗ್ಬೇಡ, ಬಾಯಿಗೆ ಅಡ್ಡ ಆಯ್ತೀಯ. ಹಿತ್ತಲಾಗೆ ಸುತ್ತಾಕ್ಕಂಡ್ ಹೋಗು... ಫೋನ್ ಇಡ್ಬೇಡ, ಹಂಗೇ ಮಡಗಿ ಹೋಗು. ಲೋಕೇಶ ಬಂದ್ರೆ ಮೊದ್ಲು ನನ್ ತಾವ ಮಾತಾಡಕ್ಕೇಳು... ಓಡವ್ವ..."

ರಿಸೀವರ್ ಕಿಟಕಿಯ ಮೇಲೆ ಕುಳಿತ ಸದ್ದು ಕೇಳಿತು. ಆಮೇಲೆ ಕೋಳಿಯ ಕೂಗು. ಅದಾದ ಮೇಲೆ ಏನೂ ಇಲ್ಲ. ಹರಾಜು ಕೂಗುವವನು ಇವರ ಗೂಡಿನ ಮುಂದೆ ಬಂದು ನಿಂತ. ಬೋರಲಿಂಗಯ್ಯ ಅತ್ತ ತಿರುಗಲಿಲ್ಲ.

"ಹಲೋ... ಯಾರು? ರಮ್ಯಾನಾ? ಹಾಂ, ತಾತ ಕಣವ್ವ... ತತ್ತೀನಿ, ಪುರಿ ತತ್ತೀನಿ. ಅಮ್ಮ ಬಂದ್ಲಾ?... ಇಲ್ವಾ?... ಅಪ್ಪ ಬಂದ್ನಾ? ಯಾವ ಬಾಗ್ಲಾಗೆ ಬಂದ?... ಮುಂದ್ಲ ಬಾಗ್ಲು..."

ಹಿತ್ತಲಿಂದ ಹೋದವಳಿಗೆ ಮುಂದಿನಿಂದ ಬಂದವನು ಸಿಗುವುದೆಲ್ಲಿ? ಹಾಗೆ ಹೋಗೆಂದು ಕಳಿಸಿದ್ದು ತಾವೇ.

"ಏನ್ ಮಾಡ್ತಾವ್ನೆ ಮಗ?... ಕರ್ಪೂರ ಹಚ್ದ್ನಾ? ಅಪ್ಪಂಗೆ ಫೋನ್ ಕೊಡು... ಕೊಡವ್ವ, ನನ್ ಚಿನ್ನ ಅಲ್ವಾ... ಆಮೇಕೆ ಅಂತಾನಾ? ರಾಹುಕಾಲ ಬಂತು ಅಂತಾನಾ?... ಈಗ್ಲೇ ಅಂತ ಹೇಳು. ತಾತ ಅಳ್ತಾವ್ನೆ ಅನ್ನು..."

ಮಂಗಳಾರತಿ ಎತ್ತಿ ಗಂಟೆ ನಿಲ್ಲಿಸಿದ ಮೇಲೆ, ಖಾಲಿ ಕೋವಿಗೆ ಒಂದು ಕೇಪು ಇಟ್ಟು ಟಪ್ ಎನ್ನಿಸುವುದು ಆ ಮನೆಯ ಪದ್ಧತಿ. ಮಣೆಯ ಮೇಲಿಂದ ಎತ್ತದೆ, ಬಗ್ಗಿ ಕೋವಿಯ ಕುದುರೆ ಎಳೆಯುವುದು. ಮಗನಿಗೆ ಅದನ್ನೂ ಅವರೇ ಕಲಿಸಿದ್ದರು.

"ರಮ್ಯಾ, ಅಪ್ಪನ ಕೈಯಾಗೆ ಕೇಪಿನ ಡಬ್ಬಿ ಐತಾ?... ಐತಾ? ಕೂಗು, ಜೋರಾಗಿ ಕೂಗು! ಕೋವಿ ತುಂಬೈತೆ ಅನ್ನು... ಅಂದ್ಯಾ? ಏನಂದ?..."

"ಏನಂದ ಮಗಾ?..."

"...ಬಟ್ಟೆ ಇಲ್ವಲ್ಲ, ಖಾಲಿ ಐತೆ ಅಂದ್ನಾ..."

ಫಕ್ರುದ್ದೀನ್ ಬೈಕಿನ ಕೀಲಿ ಹಿಡಿದು ಅವರ ತೋಳು ಜಗ್ಗುತ್ತಿದ್ದ. ಫೋನಿನಲ್ಲಿ ಮಂಗಳಾರತಿಯ ಗಂಟೆ ಕೇಳತೊಡಗಿತು.

"ಅಮ್ಮ ಎಲ್ಲವ್ಳೆ ನೋಡು! ಕುಂತಲ್ಲಿಂದ್ಲೇ ಬಾಗ್ಲಾಚೆ ನೋಡು... ಅಜ್ಜಿ ತಾವ? ತಡಿಕೆ ತಾವಾ? ಅಜ್ಜಿ ಬರಕಿಲ್ಲ ಅಂತಾ ಅವ್ಳಾ?... ಇಬ್ರೂ ಅಲ್ಲೇ ಅವ್ರಾ?... ಲೋಕೇಶಾ! ಲೇ ಲೋಕೇಶಾ! ತುಂಬೈತೆ ಕಣ್ಲಾ!..."

ಗಂಟೆ ನಿಂತಿತು.

"ಹಲೋ... ರಮ್ಯಾ... ಹಲೋ..."

ಲೈನು ಕಟ್ಟಾಗಿತ್ತು.