ಆನ್ಸನ್‌ನ ಕಾಲು, ಕಾಂತಪ್ಪಣ್ಣನ ಕಾಲ್

ಇದು ಕಟ್ಟಿದ ಕತೆಯಲ್ಲ, ಕಿವಿಗೆ ಬಿದ್ದದ್ದು. ಕುವೈತಿನ ಫಹಾಹೀಲಿನಲ್ಲಿರುವ ನಮ್ಮ ಎ.ಸಿ. ಡಕ್ಟ್ ವರ್ಕ್‌ಶಾಪಿನ ಮ್ಯಾನೇಜರ್ ಡೊಮಿನಿಕ್ ಅವರು ಸಂಜೆಯ ಚಹಾದ ಹೊತ್ತಿಗೆ ಆಫೀಸಿನಲ್ಲಿ ಕೂತು ಫೋನಿನಲ್ಲಿ ಆಡಿದ ಮಾತು. ಆಚೆ ಕಡೆಯದ್ದು ನಮಗೆ ಕೇಳಿಸಲಿಲ್ಲ, ಆದ್ದರಿಂದ ಬರೆದಿಲ್ಲ. ತಿಳಿದಿರಬೇಕಾದದ್ದು ಇಷ್ಟೇ: ಇಲ್ಲಿ ಶುಕ್ರವಾರಗಳಂದು ನಮ್ಮ ಊರ ಕಡೆಯವರದೇ ಎರಡು ತಂಡಗಳು ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುತ್ತವೆ. ಮೊಟ್ಟೆಯಾಕಾರದ ಚೆಂಡು, ನಾಲ್ಕು ಕಂಬದ ಗೋಲು, ಎದುರಾಳಿಯ ಬೆನ್ನೇರಿ ಹಾರಿ ಚೆಂಡು ಹಿಡಿದವನಿಗೆ ಜೈಕಾರ. ಆಟಕ್ಕೆ ನಾಲ್ಕು ಭಾಗ. ನಮ್ಮವರ ಬಾಯಲ್ಲಿ ನಾಲ್ಕು ಕಾಲು. ಫಹಾಹೀಲ್ ತಂಡಕ್ಕೆ ಡೊಮಿನಿಕ್ ಯಜಮಾನರು, ಸಾಲ್ಮಿಯಾ ತಂಡಕ್ಕೆ ಹೋಟೆಲಿನ ಕಾಂತಪ್ಪಣ್ಣ. ನಮ್ಮಲ್ಲಿ ಎಲ್ಲರಿಗಿಂತ ಎತ್ತರ ಹಾರುತ್ತಿದ್ದವನು ಸ್ಟೋರ್ ನೋಡಿಕೊಳ್ಳುವ ಆನ್ಸನ್. ಫೈನಲಿನಲ್ಲಿ ಹಾರಿ ಇಳಿಯುವಾಗ ಮೊಣಕಾಲು ತಿರುಚಿಕೊಂಡು ರೂಮಿನಲ್ಲಿ ಮಲಗಿದ್ದ. ಆಟಗಾರರನ್ನು ತಂಡಗಳು ಅದಲುಬದಲು ಮಾಡಿಕೊಳ್ಳುವ ವಾರ ಅದು.

ಹಲೋ… ಹಾಂ, ಹಲೋ, ಯಾರು ಮಾತಾಡೋದು?… ಯಾರು?… ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ತಗಡು ಕತ್ತರಿಸುವ ಮೆಷಿನ್ ಓಡ್ತಾ ಉಂಟು…

ಓಹೋ, ಕಾಂತಪ್ಪಣ್ಣ! ಇದು ಯಾರ ನಂಬರು?… ಮಗಳು ಅಪೇಕ್ಷಾಳದ್ದಾ? ನಿಮ್ಮ ಮೊಬೈಲಿಗೆ ಎಂತ ಆಯ್ತು?… ಸಾಂಬಾರಿಗೆ ಬಿತ್ತಾ! ಹ್ಹ ಹ್ಹ ಹ್ಹ… ಹೋಗ್ಲಿ ಬಿಡಿ, ನಿಮ್ಮ ಹೋಟೆಲಿನ ಸಾಂಬಾರಾದ್ರೂ ಸ್ಮಾರ್ಟ್ ಆಯ್ತಲ್ಲ…

ಸ್ವರ ಸ್ವಲ್ಪ ಕಟ್ಟಿದ ಹಾಗೆ ಉಂಟಲ್ಲ ನಿಮ್ಮದು?… ಧೂಳಿಗೆ, ಅಲ್ವಾ? ಹೌದೌದು, ಇಲ್ಲಿಯೂ ನಿನ್ನೆಯಿಂದ ಧೂಳೇ ಧೂಳು. ನಮ್ಮ ಆಫೀಸಿನ ಆಶಾಲತಾ ಕೂಡ ಕಂಪ್ಯೂಟರ್ ಎದುರು ಕೂತು ಒಂದೇ ಸಮ ಕೆಮ್ತಾ ಇದ್ದಾಳೆ… ಆದ್ರೂ ನೀವು "ಅದೆಂತ ಅಂದ್ರೆ, ಅದೆಂತ ಅಂದ್ರೆ" ಅಂತ ಎರಡೆರಡು ಸಲ ಹೇಳಿದ ಕೂಡ್ಲೇ ನಂಗೆ ಗೊತ್ತಾಯ್ತು, ಇದು ನೀವೇ ಅಂತ…

ಹೇಳಿ, ಎಂತ ವಿಷಯ?… ಆನ್ಸನ್?… ನಮ್ಮ ಆನ್ಸನ್ ನಿಮಗೆ ಬೇಕಾ? ಆನ್ಸನ್ ಬೇಕು ಅಂದ್ರೆ ನನ್ನ ಆನ್ಸರ್ ಒಂದೇ, ಕಾಂತಪ್ಪಣ್ಣ. ತಕೊಂಡು ಹೋಗಿ. ನಿಮಗಲ್ಲದೆ ಮತ್ತೆ ಯಾರಿಗೆ ಕೊಡ್ಲಿ…

ಕಾಲಾ? ಯಾವ ಕಾಲು?… ಓ, ಆ ಕಾಲಾ! ಎಂತದ್ದೂ ಇಲ್ಲ ಮಾರಾಯ್ರೆ, ಸ್ವಲ್ಪ ಉಳುಕಿದ್ದು. ಶೋರೂಮಿನಿಂದ ಇಳಿಸಿದ ಗಾಡಿಯಲ್ಲಿಯೂ ಒಂದು ಗೀರು ಇರ್ತದೆ. ಹುಡುಗ ಒಳಗಿನಿಂದ ಸ್ಪ್ರಿಂಗು, ಸ್ಪ್ರಿಂಗು! ನೀವೇ ನೋಡಿದ್ದೀರಲ್ಲ, ನಿಮ್ಮ ಡ್ಯಾರೆನ್‌ನ ಹೆಗಲ ಮೇಲೆ ಕಾಲಿಟ್ಟು ಚೆಂಡು ಕಿತ್ತದ್ದು… ಹಾಂ, ಅದೇ ಕಾಲು…

ಬದಲಿಗೆ ನನಗೆ ಎಂತ ಬೇಕಾ? ಹೇಳ್ತೇನೆ, ಸಿಟ್ಟು ಮಾಡ್ಬೇಡಿ. ಒಂದು, ಡ್ಯಾರೆನ್. ಮತ್ತೊಂದು, ಗ್ರೌಂಡಿನಲ್ಲಿ ನಿಮಗೆ ಸಿಕ್ಕಿದ ಸಂಜೆ ಹೊತ್ತು. ನಾವು ಪ್ರತಿ ಶುಕ್ರವಾರ ಮಧ್ಯಾಹ್ನದ ಬಿಸಿಲಲ್ಲಿ ಪ್ರಾಕ್ಟೀಸ್ ಮಾಡಿ ಮಾಡಿ ಒಣ ಮೀನಾಗಿದ್ದೇವೆ…

ಡ್ಯಾರೆನ್ ಆಗೋದಿಲ್ಲವಾ?… ಅವನಿಗೆ ಎರಡು ಕಾಲುಂಟು ಅಂತೀರಾ! ಹ್ಹ ಹ್ಹ… ಮಾತಿನಲ್ಲಿ ನೀವು ಇವತ್ತು ಚೂಪಾಗಿದ್ದೀರಿ. ಮತ್ತೆ ಯಾರನ್ನು ಕೊಡ್ತೀರಿ?… ಲಕ್ಷ್ಮೀನರಸಿಂಹ! ಅಯ್ಯೋ, ಬೇಡ ಬೇಡ. ಆ ಮನುಷ್ಯ ಓಡಿದ್ದನ್ನು ನಾನು ನೋಡಿದ್ದು ಒಂದೇ ಸಲ, ನಿಮ್ಮ ಹೋಟೆಲಿನಲ್ಲಿ ಬಫೆ ಶುರುವಾದಾಗ…

ಆಯ್ತು, ಮಾತು ಬೆಳೆಸೋದು ಬೇಡ. ನನ್ನವನು ಮುಕ್ಕಾಲು ಆಟಗಾರ ಅಂತ್ಲೇ ಇಟ್ಟುಕೊಳ್ಳಿ. ಎರಡು ಕೈ, ಒಂದು ಕಾಲು. ಕಾಲು ಕಮ್ಮಿ ಅಂತ ಬೆಲೆಯಲ್ಲಿ ಕಾಲು ಬಿಟ್ಟೆ. ಡ್ಯಾರೆನ್ ಬೇಡ, ಸಂಜೆ ಹೊತ್ತು ಒಂದು ಕೊಡಿ… ಎಂತ?… ಅದೂ ಯೋಚನೆ ಮಾಡ್ಬೇಕಾ?…

ಹಾಂ?… ಆಡ್ಲಿಕ್ಕೆ ಅಲ್ಲವಾ? ಆಟ ಆಡದ ಆಟಗಾರನನ್ನು ತಕೊಂಡು ಎಂತ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?… ಮೈಕ್ ಹಿಡೀಲಿಕ್ಕಾ? ನಿಮ್ಮ ಹೊಸ ಪಾರ್ಟಿ ಹಾಲಿನಲ್ಲಿ?… ಓ! ಕಾಲು ಬೇಡ, ಬಾಯಿ ಸಾಕು ಅಂತ ಮೊದಲೇ ಹೇಳ್ಬಾರದಾ! ಬಾಯಿಗೆ ಅವನಿಗೆ ಎಂತ ಆಗಿದೆ? ಬಿದ್ದಾಗಲೂ ಬಾಯಿಯೇ ಮೊದಲು ಕೂಗಿದ್ದು…

ಹೌದು, ಯಾರ ಸ್ವರ ಬೇಕಾದ್ರೂ ತೆಗೀತಾನೆ ಕಳ್ಳ. ಹೊಸ ವರ್ಷದ ಪಾರ್ಟಿಯಲ್ಲಿ ನಿಮ್ಮದು ಕೂಡ ಮಾಡಿದ್ದ, ನಿಮಗೆ ಗೊತ್ತಿಲ್ವಾ? ಥೇಟ್ ನೀವೇ! ಈಗ ನೀವು ಮಾತಾಡೋದಕ್ಕಿಂತಲೂ ಹೆಚ್ಚು ನಿಮ್ಮ ಹಾಗೆ ಇತ್ತು. ನನ್ನದಂತೂ ದಿನಾ. ಅವನ ಮೊಬೈಲಿಗೆ ಮೆಸೇಜು ಬಂದ್ರೆ ನನ್ನ ಸ್ವರದಲ್ಲಿ ಕೂಗ್ತದೆ, "ಯಲ್ಲಾ ಯಲ್ಲಾ, ಏಳಾ ಕತ್ತೆ" ಅಂತ. ಸ್ಟೋರಿನಲ್ಲಿ ಅದು ಕೂಗಿದ್ರೆ ನಾನೇ ಬಂದೆ ಅಂತ ಹೆಲ್ಪರ್ ಉಮ್ಮರ್ ಕುಂಞಿ ಬೀಡಿ ಬಿಸಾಡ್ತಾನೆ…

ಆಶಾಲತಾ, ಸ್ವಲ್ಪ ನೀರು ಕುಡಿಯಮ್ಮ, ಶ್ವಾಸಕೋಶ ಹೊರಗೆ ಬಂದೀತು.

ಹಾಂ, ಹೇಳಿ… ಇಕಾಮಾ? ಹೌದು, ಅವನ ವಾಸದ ಪರವಾನಗಿ ನಮ್ಮ ಕಂಪೆನಿಯದ್ದೇ. ನಿಮ್ಮಲ್ಲಿ ಕೆಲಸಕ್ಕೆ ಬರ್ಬೇಕಾದ್ರೆ ನಾನು ರಿಲೀಸ್ ಕೊಡ್ಬೇಕು… ಕಫೀಲ್ ಎಂತ ಮಾಡ್ತಾನೆ, ಹೆಸರಿಗೆ ಮಾತ್ರ ಮಾಲಕ, ಅವನು ಇಲ್ಲಿ ಬರೋದೇ ಈದ್‌ಗೆ. ಎಲ್ಲ ನನ್ನ ಕೈಯಲ್ಲಿ… ಹೌದು, ಆನ್ಸನ್ ಕೇಳಿದ್ದಾನೆ. ಒಂದು ಸಲ ಅಲ್ಲ, ಮೂರು ಸಲ. ಸಾಲ್ಮಿಯಾದಲ್ಲೇ ಯಾರೋ ಒಬ್ಬ ಮದುವೆ ಕಾರ್ಯಕ್ರಮ ಮಾಡಿಸುವವನು ಕರೀತಾ ಇದ್ದಾನಂತೆ, ನಿರೂಪಣೆ ಮಾಡ್ಲಿಕ್ಕೆ. ಆ ಹುಡುಗಿ ಶರ್ಲಿನ್, ಅವನಿಗೆ ಮದುವೆಗೆ ಗೊತ್ತಾದವಳು, ಅವಳೂ ಬಂದು ಇದೇ ಕುರ್ಚಿಯಲ್ಲಿ ಕೂತು ಅತ್ತಳು. ನಾನು ಕೊಡ್ಲಿಲ್ಲ…

ಯಾಕೆ ಅಂದ್ರೆ? ಇದೆಂತ ಪ್ರಶ್ನೆ? ಅವನು ಹೋದ್ರೆ ಶುಕ್ರವಾರ ಹಾರೋದು ಯಾರು, ನಾನಾ?…

ಈಗ ಕೊಡ್ತೇನೆ. ಈಗ ಹಾರೋದಿಲ್ಲವಲ್ಲ…

ಎಂತ?… ಸತ್ಯ ಹೇಳ್ಬೇಕಾ?… ಮೈಕ್ ಹಿಡಿದು ನಿಲ್ಲಲಿಕ್ಕಾದ್ರೂ ಆಗ್ತದಾ ಇಲ್ವಾ ಅಂತಲಾ? ನ್ಯಾಯವಾದ ಪ್ರಶ್ನೆ. ನಿಮ್ಮಲ್ಲಿ ಮುಚ್ಚಿಡೋದು ಎಂತಕ್ಕೆ, ಕಾಲಂತೂ ನಿಮಗೆ ಬೇಡ. ಆದ್ರೆ ಹುಡುಗನ ಕಿವಿಗೆ ಹೋಗ್ಬಾರ್ದು, ಆಯ್ತಾ?… ಪ್ರಾಮಿಸ್?…

ಮೂರನೇ ಕಾಲಿನಲ್ಲಿಯೇ ಅವನು ನೋವು ಅಂತ ಹೇಳಿದ್ದ. ನಾನೇ ಪಟ್ಟಿ ಬಿಗಿದು, ಸ್ಪ್ರೇ ಹೊಡೆದು, ನಾಲ್ಕನೇ ಕಾಲಿಗೆ ಇಳಿಸಿದ್ದು. ಆ ಕಾಲಿಗೆ ಈ ಕಾಲು ಹೋಯ್ತು. ಪಂದ್ಯ ಗೆದ್ದೆವು, ಅಲ್ವಾ? ಸೋತದ್ದು ನೀವು, ನಿಮಗೆ ನೆನಪಿರ್ಬೇಕು, ಹ್ಹ ಹ್ಹ…

ಆಮೇಲೆ ಕ್ಲಿನಿಕ್‌ಗೆ ಕರ್ಕೊಂಡು ಹೋದೆ. ಮುದುಕ ಡಾಕ್ಟರು, ಅರಬಿ ಬಿಟ್ಟು ಬೇರೆ ಮಾತಿಲ್ಲ. ಸ್ಕ್ಯಾನ್ ನೋಡಿ, ಕನ್ನಡಕ ತೆಗೆದು ಹೇಳಿದ್ರು, "ರುಕ್ಬಾ ಖಲಾಸ್" ಅಂತ. ರುಕ್ಬಾ ಅಂದ್ರೆ ಮೊಣಕಾಲು ಅಂತ ನಮ್ಮ ಹುಡುಗನಿಗೆ ಎಲ್ಲಿ ಗೊತ್ತು? ಅವನ ಅರಬಿ ಯಲ್ಲಾದಲ್ಲಿ ಶುರುವಾಗಿ ಖಲಾಸ್‌ನಲ್ಲಿ ಮುಗೀತದೆ. "ಎಂತ ಖಲಾಸ್, ಸರ್?" ಅಂತ ನನ್ನ ಮುಖ ನೋಡಿದ. ನಾನು ಹೇಳಿದೆ, "ಚೆಕಪ್ ಖಲಾಸ್ ಮಾರಾಯ, ಸೀಸನ್ ಶುರುವಾಗುವಾಗ ಮೊದಲಿನ ಹಾಗೆ ಹಾರ್ತಿ"…

ಕೇಳಿ, ಮಜಾ ಇರೋದು ಈಗ. ಅವನು ಒಂಟಿ ಕಾಲಿನಲ್ಲಿ ಎದ್ದು, ಡಾಕ್ಟರ ಕೈ ಹಿಡಿದು, "ಶುಕ್ರನ್, ಶುಕ್ರನ್" ಅಂತ ಥ್ಯಾಂಕ್ಸ್ ಹೇಳಿ ಕುಲುಕಿದ್ದೇ ಕುಲುಕಿದ್ದು! ಡಾಕ್ಟರಿಗೆ ಕಣ್ಣಲ್ಲಿ ನೀರು. ಇಂಥ ಸುದ್ದಿ ಕೇಳಿಯೂ ಎಂಥ ಧೈರ್ಯ ಅಂತ! ಹ್ಹ ಹ್ಹ ಹ್ಹ! ನಾನು ಹೊರಗೆ ಬಂದು ಗೋಡೆ ಹಿಡ್ಕೊಂಡು ನಕ್ಕದ್ದು…

ಹಲೋ?… ಕಾಂತಪ್ಪಣ್ಣ?… ಲೈನಿನಲ್ಲಿ ಇದ್ದೀರಾ?…

ಆಶಾಲತಾ, ಕೆಮ್ಮು ನಿಂತಿತಾ? ಹಾಗೆ ಎಂತ ನೋಡ್ತೀ ನನ್ನನ್ನು?

ಹಲೋ?… ಹಾಂ, ಈಗ ಕೇಳಿಸ್ತದೆ. ಸ್ವರ ಎಂತ ಹೀಗಾಯ್ತು ನಿಮ್ಮದು? ಧೂಳು ಒಳಗೆ ಹೋಗಿದೆ, ಬಿಸಿ ನೀರು ಕುಡೀರಿ… ಎಂತ?… ಡಾಕ್ಟರ್ ಸರಿಯಾಗಿ ಎಂತ ಹೇಳಿದ್ದಾ? ಹೇಳಿದೆನಲ್ಲ… ಹೌದು… ಹೌದು, ಆಪರೇಷನ್ ಮಾಡಿದ್ರೆ ನಡೀಬಹುದು. ಹಾರಲಿಕ್ಕೆ ಇಲ್ಲ… ಮುಂದಿನ ಸೀಸನ್‌ಗಾ? ಯಾವ ಸೀಸನ್‌ಗೂ ಇಲ್ಲ ಮಾರಾಯ್ರೆ, ಎಷ್ಟು ಸಲ ಕೇಳ್ತೀರಿ, ನಿಮ್ಮ ಕಾಲಾ ಅದು?…

ಅಲ್ಲ, ಅವನಿಗೆ ಹೇಳಿದ್ರೆ ಇಡೀ ಕುವೈತಿಗೆ ಹೇಳ್ತಾನೆ, ಬಾಯಿಯಲ್ಲವಾ ಅವನ ಆಸ್ತಿ. ಮತ್ತೆ ನೀವು ತಕೊಳ್ತಿದ್ರಾ ಅವನನ್ನು? ಒಡೆದ ಮೊಟ್ಟೆಯನ್ನು ಯಾರಾದ್ರೂ ಒಡೆದಿದೆ ಅಂತ ಹೇಳಿ ಮಾರ್ತಾರಾ?…

ಸರಿ, ಸರಿ. ಹಾಗಾದ್ರೆ ಒಪ್ಪಂದ ಎಂತ, ಹೇಳಿ… ಇವತ್ತೇ ರಿಲೀಸ್ ಕೊಟ್ರೆ ಸಂಜೆ ಹೊತ್ತು ನಮಗೆ? ಇಡೀ ಸೀಸನ್?… ದೇವರು ನಿಮ್ಮನ್ನು ಚೆನ್ನಾಗಿ ಇಡ್ಲಿ! ಯಾವ ಕಂಪೆನಿ ಹೆಸರು ಹಾಕ್ಲಿ, ಹೋಟೆಲಿನದ್ದಾ, ಪಾರ್ಟಿ ಹಾಲಿನದ್ದಾ?… ನಿಮಗೂ ಗೊತ್ತಿಲ್ಲವಾ? ಎಲ್ಲಿಗೆ ಬೇಕಾದ್ರೂ ಹೋಗುವ ಹಾಗೆ ಬಿಡ್ಬೇಕಾ?… ಆಯ್ತು, ಓಪನ್ ರಿಲೀಸ್. ನಂಗೆಂತ, ಹೋದ್ರೆ ಸಾಕು…

ಆಶಾಲತಾ, ಆನ್ಸನ್‌ನ ರಿಲೀಸ್ ಹಾಕು, ಆನ್‌ಲೈನಿನಲ್ಲಿ, ಈಗಲೇ… ಎಂತ, ತಯಾರು ಮಾಡಿಯೇ ಇಟ್ಟಿದ್ದೀಯಾ? ಒತ್ತಿದ್ರೆ ಆಯ್ತಾ? ನೋಡಿ ಕಾಂತಪ್ಪಣ್ಣ, ನಮ್ಮ ಆಫೀಸು ಹೀಗೆ, ಬಾಯಿ ತೆರೆಯುವ ಮೊದಲೇ ಕೆಲಸ! ಎಲ್ಲಿ ಒತ್ತೋದು, ಇಲ್ಲಿಯಾ?… ಒತ್ತಿದೆ. ಖಲಾಸ್. ಈಗ ಹುಡುಗನ ಮೊಬೈಲಿಗೆ ಮೆಸೇಜು ಹೋಗ್ತದೆ, ಅವನು "ಒಪ್ಪಿಗೆ" ಅಂತ ಒತ್ತಿದ್ರೆ ಆಯ್ತು, ಆಮೇಲೆ ಅವನು ನಿಮ್ಮ…

ಹಾಂ?…

ಎಂತದು ಅದು?… "ಯಲ್ಲಾ ಯಲ್ಲಾ, ಏಳಾ ಕತ್ತೆ"… ಅದು ನನ್ನ ಸ್ವರ. ನನ್ನ ಸ್ವರ ನಿಮ್ಮ ಹೋಟೆಲಿನಲ್ಲಿ ಎಂತ ಮಾಡ್ತಾ ಉಂಟು, ಕಾಂತಪ್ಪಣ್ಣ?…

ಇಲ್ಲ, ನಿಲ್ಲಿ. ಮೆಸೇಜು ಹೋದದ್ದು ಆನ್ಸನ್‌ನ ಮೊಬೈಲಿಗೆ. ಕೂಗಿದ್ದು ನಿಮ್ಮ ಪಕ್ಕದಲ್ಲಿ. ಅಂದ್ರೆ ಅವನ ಮೊಬೈಲು ನಿಮ್ಮ ಹತ್ರ… ಅಂದ್ರೆ ಅವನೂ… ಅಂದ್ರೆ ನೀವು…

ಆನ್ಸನ್?…

ಏ ಆನ್ಸನ್! ನೀನಾ?… ಮೊದಲಿಂದ ನೀನಾ?… ಅಪೇಕ್ಷಾಳ ನಂಬರು ಅಂದದ್ದು?… ಶರ್ಲಿನ್‌ದಾ! ಸಾಂಬಾರು?… ಗ್ರೌಂಡು? ಸಂಜೆ ಹೊತ್ತು?…

ಆಶಾಲತಾ, ತೆಗಿ, ಅದನ್ನು ವಾಪಸ್ ತೆಗಿ!… ಎಂತ ಆಗೋದಿಲ್ಲ? ಯಾಕೆ ಆಗೋದಿಲ್ಲ?… ಅವನು ಒಪ್ಪಿಗೆ ಒತ್ತಿ ಆಯ್ತಾ? ಇಷ್ಟು ಬೇಗ?… ಓ. ಮೊದಲೇ ತಯಾರು ಮಾಡಿ ಇಟ್ಟದ್ದು ಹಾಗಾ. ಕೆಮ್ಮೋದಲ್ಲ ನೀನು, ನಗೋದು. ನನ್ನ ಎದುರು ಕೂತು ಅಷ್ಟು ಹೊತ್ತು…

ಹ್ಹ…

ಹ್ಹ ಹ್ಹ… ಹ್ಹ ಹ್ಹ ಹ್ಹ ಹ್ಹಾ! ಅಯ್ಯೋ ಆನ್ಸನ್, ನಂಗೆ ಮೊದಲೇ ಗೊತ್ತಿತ್ತು ಮಾರಾಯ! "ಅದೆಂತ ಅಂದ್ರೆ" ಅಂದ ಕೂಡ್ಲೇ ಗೊತ್ತಾಯ್ತು! ನಾನೂ ಆಟ ಆಡಿದ್ದು, ಹ್ಹ ಹ್ಹ ಹ್ಹ! ನೀನು ಒಬ್ಬನೇ ನಾಟಕದವನಾ? ನೋಡು, ಎಲ್ಲರೂ ಇಲ್ಲಿ ನಗ್ತಾ ಇದ್ದಾರೆ… ಉಮ್ಮರ್ ಕುಂಞಿ, ನಗು! ಆಶಾಲತಾ, ಈಗ ನಗು, ಈಗ ಯಾಕೆ ಸುಮ್ಮನಿದ್ದೀ? ಜೋರಾಗಿ ನಗಿ ಎಲ್ಲ, ಅವನಿಗೆ ಕೇಳ್ಬೇಕು! ಹ್ಹ ಹ್ಹ ಹ್ಹ ಹ್ಹಾ!

ಹಾಂ?… ರಿಲೀಸ್ ನಿಂದೇ, ಇಟ್ಕೋ, ಯಾರು ಬೇಡ ಅಂದ್ರು?… ಅದಲ್ಲವಾ? ಮತ್ತೆಂತ?…

ಡಾಕ್ಟರಾ?… ಅದೂ ತಮಾಷೆಗೆ ಹೇಳಿದ್ದು ಮಾರಾಯ, ನೀನು ಅಂತ ಗೊತ್ತಿತ್ತಲ್ಲ, ಅದಕ್ಕೇ ಸ್ವಲ್ಪ ಉಪ್ಪು ಖಾರ ಹಾಕಿ… ಇಲ್ಲ, ಡಾಕ್ಟರು ಹೇಳಿದ್ದು… ರುಕ್ಬಾ ಅಂದ್ರೆ… ಯಾರನ್ನೂ ಕೇಳ್ಬೇಡ, ನಾನೇ ಹೇಳ್ತೇನೆ, ರುಕ್ಬಾ ಅಂದ್ರೆ… ಹ್ಹ ಹ್ಹ… ನೀನು ಕೈ ಕುಲುಕಿದ್ದು ನೆನಪಾದ್ರೆ, ಅಯ್ಯೋ, ಹ್ಹ ಹ್ಹ ಹ್ಹ, ಹೊಟ್ಟೆ ನೋಯ್ತದೆ ಮಾರಾಯ…

ನೀನು ಯಾಕೆ ನಗ್ತಾ ಇಲ್ಲ?… ನಗು ಆನ್ಸನ್, ಗೆದ್ದದ್ದು ನೀನು… ಇದು ಯಾರ ಸ್ವರದಲ್ಲಿ ಮಾತಾಡ್ತಾ ಇದ್ದೀ ಈಗ?… ನಿಂದಾ?… ನಿನ್ನ ಸ್ವರ ಹೀಗಾ ಇರೋದು?…

ಹಲೋ?… ಹ್ಹ ಹ್ಹ… ಹಲೋ, ಆನ್ಸನ್?… ಹಲೋ?…

ಆಶಾಲತಾ… ಕಾಲ್ ಹೋಯ್ತಲ್ಲ…